ಗ್ರೋನಿಂಗನ್ನಿಗೆ ಹೋದ ರೋಣದ ಕಪ್ಪೆತತ್ತಿ

ರೋಣ

ಹಾಲೆಂಡಿನಿಂದ ಮರಳಿದ ಮೇಲೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಸ್ಟಾಫ್‌ರೂಮಿನಲ್ಲಿ ಎದುರಾದವರೆಲ್ಲ ಕೇಳಿದ್ದು ಒಂದೇ: "ಮೇಡಮ್ಮಾರ, ಗಾಳಿಗಿರಣಿ ನೋಡಿದ್ರ್ಯೋ ಇಲ್ಲೋ?" ನೋಡಲಿಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತು ತಿರುಗುವ ಗಾಳಿಯಂತ್ರಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ನೋಡಿ ಸಾಕಾದವಳು ನಾನು, ಅದಕ್ಕಾಗಿ ಸಮುದ್ರ ದಾಟಬೇಕಿರಲಿಲ್ಲ. ಟುಲಿಪ್ ಹೂವನ್ನೂ ನೋಡಲಿಲ್ಲ, ಹೋದದ್ದು ಚಳಿಗಾಲದಲ್ಲಿ. ನಾನು ಅಲ್ಲಿ ಕಣ್ಣು ಕೆಂಪಾಗುವಷ್ಟು ನೋಡಿದ್ದು ಒಂದು ಫ್ರಿಜ್ಜು, ಒಂದು ಕಿಟಕಿ ಮತ್ತು ನನ್ನ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಮುಖ.

ನಾನು ರೋಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ನಮ್ಮ ಎರೆಹೊಲಗಳಲ್ಲಿ ಒಂದು ಗುಂಡಗಿನ ಕಪ್ಪೆ ಇದೆ. ವರ್ಷದ ಬಹುಭಾಗ ನೆಲದೊಳಗೆ ಹುದುಗಿದ್ದು, ಮೊದಲ ದೊಡ್ಡ ಮಳೆಗೆ ಎದ್ದು ಬಂದು, ಬದುವಿನ ಪಕ್ಕ ನಿಂತ ರಾಡಿ ನೀರಿನಲ್ಲಿ ತತ್ತಿ ಇಟ್ಟು ಮತ್ತೆ ಮಾಯವಾಗುತ್ತದೆ. ನಮ್ಮ ಕಡೆಯ ಮಳೆ ಗೊತ್ತಲ್ಲ, ಬಂದರೆ ಬಂತು, ಹೋದರೆ ಹೋಯಿತು. ಆ ನೀರು ಇಂಗುವುದರೊಳಗೆ ತತ್ತಿ ಒಡೆದು ಗೊದಮೊಟ್ಟೆಯಾಗಿ, ಕಾಲು ಮೂಡಿ, ದಂಡೆಗೆ ಹಾರಬೇಕು. ಇಲ್ಲದಿದ್ದರೆ ಒಣಗಿ ಸಾಯಬೇಕು. ಇಷ್ಟು ಅವಸರದ ಕೂಸಿನ ಜೀನ್‌ಗಳು ಯಾವಾಗ ಕೆಲಸ ಶುರು ಮಾಡುತ್ತವೆ ಎಂಬ ಪ್ರಶ್ನೆ ನನ್ನ ತಲೆ ಹೊಕ್ಕಿತ್ತು.

ಏಕೆಂದರೆ ಕಪ್ಪೆಯ ಭ್ರೂಣ ಮೊದಮೊದಲು ತನ್ನ ಜೀನ್‌ಗಳನ್ನು ಬಳಸುವುದೇ ಇಲ್ಲ ಎನ್ನಬಹುದು. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಹೋಗುವುದೆಲ್ಲ ತಾಯಿ ತತ್ತಿಯೊಳಗೆ ತುಂಬಿಟ್ಟ ಅಪ್ಪಣೆಗಳ ಮೇಲೆ. ಒಂದು ಹಂತ ಬಂದಾಗ ಕೂಸಿನ ಸ್ವಂತ ಜೀನ್‌ಗಳು ಎಚ್ಚರಗೊಳ್ಳುತ್ತವೆ, ತಾಯಿಯ ಅಪ್ಪಣೆಗಳು ಅಳಿಯತೊಡಗುತ್ತವೆ. ಪ್ರಯೋಗಾಲಯಗಳಲ್ಲಿ ಸಾಕುವ ಆಫ್ರಿಕದ ಉಗುರುಗಪ್ಪೆಯಲ್ಲಿ ಈ ಎಚ್ಚರ ಬಹುಮಟ್ಟಿಗೆ ಹನ್ನೆರಡನೆಯ ಒಡೆತದ ಹೊತ್ತಿಗೆ. ನಮ್ಮ ಕಪ್ಪೆಯಲ್ಲಿ ಅದಕ್ಕಿಂತ ಮೊದಲೇ ಇರಬೇಕೆಂಬುದು ನನ್ನ ಹಟ. ಮೂರು ಮಳೆಗಾಲ ಸೂಡಿಯ ದಾರಿಯ ಹೊಲಗಳಲ್ಲಿ ಮೊಣಕಾಲುಮಟ ರಾಡಿಯಲ್ಲಿ ನಿಂತು ತತ್ತಿ ತಂದಿದ್ದೆ. ಸೂಕ್ಷ್ಮದರ್ಶಕದಡಿ ಒಂದೊಂದು ಒಡೆತವನ್ನು ಕಾದು, ಆಯಾ ಹಂತದ ಭ್ರೂಣಗಳನ್ನು ಸಣ್ಣ ಕೊಳವೆಗಳಲ್ಲಿ ಉಪ್ಪಿನ ದ್ರಾವಣಕ್ಕೆ ಹಾಕಿ ಇಟ್ಟಿದ್ದೆ. ಉಪ್ಪಿನಕಾಯಿಯ ಲೆಕ್ಕವೇ ಅದು, ಜೀವ ಹೋದರೂ ಒಳಗಿನ ಸಂದೇಶ, ಅಂದರೆ ಆ ಅಪ್ಪಣೆಗಳನ್ನು ಹೊತ್ತ ಆರ್‌ಎನ್‌ಎ, ಕೆಡುವುದಿಲ್ಲ. ಆ ಸಂದೇಶ ಓದುವ ಯಂತ್ರ ನಮ್ಮಲ್ಲಿರಲಿಲ್ಲ. ಹಾಲೆಂಡಿನ ಗ್ರೋನಿಂಗನ್ ಊರಿನ ಒಂದು ಪ್ರಯೋಗಾಲಯ ಒಪ್ಪಿತು. ಕೊಳವೆಗಳನ್ನು ದೇಶದಾಚೆ ಒಯ್ಯಲು ಅನುಮತಿ ಪಡೆದದ್ದು ಬೇರೆಯದೇ ಒಂದು ಪುರಾಣ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಅನುಮತಿ ಸಿಕ್ಕ ದಿನವೇ ಗಜೇಂದ್ರಗಡದಿಂದ ಅಣ್ಣನ ಫೋನು. "ಹೆಣಮಗಳು ಒಬ್ಬಾಕಿನ ಅಷ್ಟ ದೂರ ಹೋಗೂದು ಬ್ಯಾಡ. ನಿಮ್ಮ ವೈನೀನ ಕರ್ಕೊಂಡ ಹೋಗು." ನನಗೆ ನಲವತ್ತೇಳು ವಯಸ್ಸು. ಗಂಡ ನರಗುಂದದ ಅಂಗಡಿ ಬಿಟ್ಟು ಬರಲಾರ, ಮಗಳ ಪರೀಕ್ಷೆ, ಹಾಗಾಗಿ ಜೊತೆಗಿರುವ ಒಬ್ಬರ ಜಾಗ ಖಾಲಿ ಇತ್ತು ನಿಜ. ಆದರೆ ನೀಲವ್ವ ವೈನಿ ಹುಬ್ಬಳ್ಳಿಯಾಚೆ ಹೋದದ್ದೇ ಅಪರೂಪ. ಅವರ ಹೆಸರು ಹೇಳಿದರೆ ಗಜೇಂದ್ರಗಡದ ನಾಲ್ಕು ಓಣಿಯ ಬಾಣಂತಿಯರು ಕೈ ಮುಗಿಯುತ್ತಾರೆ. ಕೂಸಿಗೆ ನೀರೆರೆಯುವುದು, ಬಾಣಂತಿ ಮಲಗಿದ ಹೊರಸಿನ ಕೆಳಗೆ ಕೆಂಡ ಇಡುವುದು, ಕೂಸಿನ ತಲೆಗೆ ಬೆಚ್ಚಗೆ ಕುಂಚಿಗಿ ಕಟ್ಟುವುದು, ಲೋಬಾನದ ಹೊಗೆ ಹಾಕುವುದು, ಎಲ್ಲದರಲ್ಲೂ ಎತ್ತಿದ ಕೈ. ಗ್ರೋನಿಂಗನ್ನಿನಲ್ಲಿ ಇದರಿಂದ ಏನುಪಯೋಗ ಎಂದು ನಾನು ಅಣ್ಣನನ್ನು ಕೇಳಿದೆ. ಅವನು ಆಗಲೇ ಫೋನ್ ಇಟ್ಟಾಗಿತ್ತು.

ವಿಮಾನ

ಕೊಳವೆಗಳ ಪೆಟ್ಟಿಗೆಯನ್ನು ನಾನು ತೊಡೆಯ ಮೇಲಿಂದ ಇಳಿಸಲಿಲ್ಲ. ವೈನಿ ಬಹಳ ಹೊತ್ತು ನೋಡಿ ಕೊನೆಗೆ ಕೇಳಿದರು.

"ಶೈಲಾ, ಅದರಾಗ ಏನೈತಿ? ಹಡದ ಕೂಸಿನಂಗ ಹಿಡಕೊಂಡ ಕುಂತಿಯಲ್ಲ."

"ಕೂಸ ಅದಾವ್ರಿ ವೈನಿ. ಕಪ್ಪಿ ಕೂಸು."

"ಖರೇನ?"

ಪಾಠ ಮಾಡುವ ಚಟ ಇರುವವರಿಗೆ ಇಷ್ಟು ಸಾಕು. ಮೋಡದ ಮೇಲೆ ಕೂತು ನಾನು ತರಗತಿ ತೆರೆದೆ. "ನೋಡ್ರಿ, ಒಂದ ಮನ್ಯಾಗ ಅವ್ವ ಹೊಲದಿಟ್ಟ ಒಂದ ಕೌದಿ ಐತಿ ಅನ್ಕೋರಿ. ಒಂದ ಕೂಸಿದ್ರ ತಲಿತುಂಬ ಹೊಚಗೊಂಡು ಮಲಗತೈತಿ. ಅದು ಎರಡಾತು, ನಾಕಾತು, ಎಂಟಾತು. ಕೌದಿ ಮಾತ್ರ ಅಷ್ಟ. ಕಡೀಕ ಯಾರದರ ಕಾಲು ಹೊರಗ ಬೀಳ್ತಾವ, ಎಚ್ಚರಾಗತೈತಿ. ಜೀನು ಅಂತ ಇರ್ತಾವಲ್ಲ, ಅವೂ ಹಂಗ ಎಚ್ಚರಾಗ್ತಾವ. ನಮ್ಮ ಕಪ್ಪಿ ತತ್ತಿ ಸಣ್ಣದು, ಅದರ ಕೌದಿನೂ ಸಣ್ಣದು. ಅದಕ್ಕ ಲಗೂ ಎಚ್ಚರಾಗಬೇಕು ಅನ್ನೂದು ನನ್ನ ವಿಚಾರ."

ಕೌದಿ ಎಂದು ನಾನು ಹೇಳಿದ್ದು ಜೀನ್‌ಗಳ ಮೇಲೆ ಕೂತು ಅವನ್ನು ಮುಚ್ಚಿಡುವ ಪ್ರೋಟೀನಿಗೆ. ತಾಯಿ ಅದನ್ನು ತತ್ತಿಯಲ್ಲಿ ಇಷ್ಟೇ ಎಂದು ಇಟ್ಟಿರುತ್ತಾಳೆ, ಕೋಶಗಳು ಹೆಚ್ಚಿದಂತೆ ಅದು ಸಾಲದೆ ಬರುತ್ತದೆ ಎಂದು ಒಂದು ವಾದವಿದೆ. ಇಷ್ಟು ಕಷ್ಟದ ಸಂಗತಿಯನ್ನು ಇಷ್ಟು ಸುಲಭವಾಗಿ ಹೇಳಿದೆನಲ್ಲ ಎಂದು ನನಗೆ ನನ್ನ ಬಗ್ಗೆಯೇ ಅಭಿಮಾನ ಉಕ್ಕಿತು.

"ಪಾಪ," ಎಂದರು ವೈನಿ, ಪೆಟ್ಟಿಗೆಯ ಮೇಲೆ ಕೈಯಿಟ್ಟು. "ಚಳಿ ಹತ್ತಿ ಎಚ್ಚರಾಗ್ತಾವಂದಂಗಾತು."

"ಹೂಂ, ಹಂಗ ಅನ್ಕೋರಿ," ಎಂದು ನಾನು ಕಣ್ಣು ಮುಚ್ಚಿದೆ.

ಮಾತಾಡಬಾರದ ಡಬ್ಬಿ

ಆಂಸ್ಟರ್‌ಡ್ಯಾಮಿನಿಂದ ಗ್ರೋನಿಂಗನ್ನಿಗೆ ರೈಲು. ನೆಲ ನಮ್ಮ ನರಗುಂದದ ಕಡೆಯ ಎರೆಯಷ್ಟೇ ಸಪಾಟು, ಆದರೆ ಎಲ್ಲಿ ನೋಡಿದರೂ ನೀರು. ಹೊಲದ ಬದುವಿನ ಜಾಗದಲ್ಲಿ ಕಾಲುವೆ, ಕಾಲುವೆಯ ಪಕ್ಕ ಇನ್ನೊಂದು ಕಾಲುವೆ. ಮೇಲಿಂದ ಜಿಟಿಜಿಟಿ ಮಳೆ ಬೇರೆ. ಅದಕ್ಕೆ ಯಾರೂ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ನಮ್ಮಲ್ಲಿ ಅಷ್ಟು ಮಳೆ ಬಿದ್ದರೆ ಜನ ಅಂಗಡಿಯಿಂದ ಹೊರಗೆ ಬಂದು ನಿಲ್ಲುತ್ತಾರೆ.

ವೈನಿ ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿದರು. ಗಜೇಂದ್ರಗಡಕ್ಕೂ ಹಾಲೆಂಡಿಗೂ ಇರುವ ದೂರವನ್ನು ದನಿಯಿಂದಲೇ ದಾಟಬೇಕೆಂಬ ನಂಬಿಕೆ ಇಬ್ಬರಿಗೂ. "ಹಾಂ, ಮುಟ್ಟೀವಿ! ರೈಲಿನ್ಯಾಗ ಅದೀವಿ! ಯಾರೂ ಮಾತಾಡವಲ್ರು ನೋಡ್ರಿ!" ಎದುರಿನ ಮುದುಕ ಕಿಟಕಿಯ ಗಾಜಿನ ಮೇಲಿನ ಬರಹಕ್ಕೆ ಬೆರಳು ಮಾಡಿದ. ಅದು ಸದ್ದು ಮಾಡಬಾರದ ಡಬ್ಬಿಯಂತೆ. ಹಾಗೆಂದು ಒಂದು ಡಬ್ಬಿಯನ್ನೇ ಮೀಸಲಿಟ್ಟಿದ್ದಾರೆ. ನಾನು ನಾಚಿ ಫೋನು ಕಸಿದುಕೊಂಡು ವೈನಿಗೆ ತಿಳಿಸಿದೆ.

"ಯಾಕ, ಯಾರರ ತೀರಿಕೊಂಡಾರೇನ?" ಎಂದು ವೈನಿ ಮರುಕದಿಂದ ಸುತ್ತ ನೋಡಿದರು. ಆಮೇಲೆ ಊರು ಬರುವವರೆಗೂ ಸೂತಕದ ಮನೆಯಲ್ಲಿ ಕೂತಂತೆ ಸೆರಗು ಹೊದ್ದು ಕೂತರು. ಮುದುಕನಿಗೆ ಅದೇನು ಅನಿಸಿತೋ, ಇಳಿಯುವಾಗ ವೈನಿಯ ಚೀಲ ಇಳಿಸಿಕೊಟ್ಟು ಹೋದ.

ಗ್ರೋನಿಂಗನ್, ಶುಕ್ರವಾರ ಸಂಜೆ

ಪ್ರಯೋಗಾಲಯದ ಬಾಗಿಲಿಗೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಬೀಗ. ಪ್ರಾಧ್ಯಾಪಕ ವಿಲ್ಲೆಮ್ ಅವರಿಗೆ ಫೋನು ಮಾಡಿದರೆ ಎತ್ತುವವರಿಲ್ಲ. ಮೇಲ್ ನೋಡಿದರೆ ಅವರದೊಂದು ಸಾಲು ಬಂದಿತ್ತು: ವಾರಾಂತ್ಯ ಚೆನ್ನಾಗಿ ಕಳೆಯಿರಿ, ಸೋಮವಾರ ಭೇಟಿಯಾಗೋಣ. ನಮ್ಮಲ್ಲಾದರೆ ಜವಾನರ ಮನೆಗೆ ಹೋಗಿ, ಚಹಾ ಕುಡಿದು, ಅವರ ಮೊಮ್ಮಗನ ಮಾರ್ಕ್ಸು ವಿಚಾರಿಸಿ ಕೀಲಿ ತರಬಹುದಿತ್ತು. ಇಲ್ಲಿ ಕೀಲಿ ಯಾರ ಮನೆಯಲ್ಲೂ ಇಲ್ಲ, ಗೋಡೆಯೊಳಗಿನ ಒಂದು ಯಂತ್ರದಲ್ಲಿದೆ, ಆ ಯಂತ್ರಕ್ಕೆ ಚಹಾ ಬೇಡ. ಊರು ಸುಟ್ಟರೂ ಹನುಮಪ್ಪ ಹೊರಗೆ ಎಂಬ ಮಾತನ್ನು ನಾನು ಆ ಬಾಗಿಲಿಗೆ ಮೂರು ಸಲ ಹೇಳಿದೆ.

ನಮಗೆ ಕೊಟ್ಟಿದ್ದ ಮನೆ ಸಣ್ಣದು. ಒಂದು ಕೋಣೆ, ಒಂದು ಅಡಿಗೆಮನೆ. ಪೆಟ್ಟಿಗೆಯನ್ನು ಅಡಿಗೆಮನೆಯ ಫ್ರಿಜ್ಜಿನಲ್ಲಿ ಇಡದೆ ಗತ್ಯಂತರವಿರಲಿಲ್ಲ. ವೈನಿ ಬರುವ ದಾರಿಯಲ್ಲಿಯೇ ಹಾಲು, ಮೊಸರು ಕೊಂಡಿದ್ದರು. ಇಲ್ಲಿಯ ಅಂಗಡಿಗಳಲ್ಲಿ ಮಜ್ಜಿಗೆ ಡಬ್ಬಿಯಲ್ಲಿ ಸಿಗುತ್ತದೆಂದು ತಿಳಿದು ಅವರಿಗೆ ಈ ದೇಶದ ಬಗ್ಗೆ ಗೌರವ ಬಂದಿತ್ತು. ಈಗ ಫ್ರಿಜ್ಜಿನ ಬಾಗಿಲು ಹಿಡಿದು ನಿಂತರು.

"ಅಲ್ಲವಾ, ಮುಂಜಾನೆ ದೇವರಿಗೆ ಎಡಿ ಹಿಡಿಯೋ ಮಸರಿನ ಬಾಜೂಕ ಕಪ್ಪಿ ಇಡತಿಯೇನ? ನಮ್ಮ ಮನ್ಯಾಗ ಕೋಳಿ ತತ್ತಿನ ಒಳಗ ಬರಂಗಿಲ್ಲ."

"ಸೋಮವಾರ ತನಕ ಅಷ್ಟ ವೈನಿ. ದೇವರಿಗೆ ನಾ ಹೇಳ್ತೀನಿ."

ನನಗಾಗಲೇ ಮೈ ಬಿಸಿಯಾಗುತ್ತಿತ್ತು. ಅಂದು ಮಲಗಿದವಳು ಜ್ವರದಲ್ಲಿ ಸೋಮವಾರದವರೆಗೆ ಸರಿಯಾಗಿ ಏಳಲಿಲ್ಲ. ವೈನಿ ಕಷಾಯ ಕುಡಿಸಿದರು, ಅಂಗಾಲಿಗೆ ಎಣ್ಣೆ ತಿಕ್ಕಿದರು, ಗಂಜಿ ಮಾಡಿ ಕೊಟ್ಟರು. ಇಷ್ಟು ಚೆನ್ನಾಗಿ ನೋಡಿಕೊಂಡವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂಬುದನ್ನು ಆಮೇಲೆ ಕಲಿತೆ.

ಸೋಮವಾರ

ಬೆಳಿಗ್ಗೆ ಫ್ರಿಜ್ಜು ತೆರೆದೆ. ಮೊಸರು ಇತ್ತು, ಹಸಿಮೆಣಸಿನಕಾಯಿ ಇತ್ತು, ಕೊತ್ತಂಬರಿ ಇತ್ತು. ಪೆಟ್ಟಿಗೆ ಇರಲಿಲ್ಲ.

"ವೈನೀ! ನನ್ನ ಡಬ್ಬಿ ಎಲ್ಲಿ?"

"ಅಂಜಬ್ಯಾಡ. ಬೆಚ್ಚಗ ಇಟ್ಟೀನಿ."

ಈ ದೇಶದ ಮನೆಗಳಲ್ಲಿ ಕಿಟಕಿಯ ಕೆಳಗೆ ಗೋಡೆಗೆ ಹಚ್ಚಿದ ಹೀಟರು ಇರುತ್ತದೆ, ಅದರ ಮೇಲೆಯೇ ಹೂಕುಂಡ ಇಡುವ ಅಗಲ ಕಟ್ಟೆ. ನನ್ನ ಕೊಳವೆಗಳ ತಟ್ಟೆ ಆ ಕಟ್ಟೆಯ ಮೇಲೆ, ವೈನಿಯ ಉಣ್ಣೆಯ ಸ್ಕಾರ್ಫಿನೊಳಗೆ, ಥೇಟ್ ಕುಂಚಿಗಿ ಕಟ್ಟಿದ ಕೂಸಿನಂತೆ ಮಲಗಿತ್ತು. ಕೆಳಗಿನಿಂದ ಹೀಟರು ಕೆಂಡದ ಕೆಲಸ ಮಾಡುತ್ತಿತ್ತು. ಮೂರು ಮಳೆಗಾಲಕ್ಕೆ ಮೂರು ಸಾಲು. ಕೋಣೆಯ ಕಡೆಗಿನ ಮುಂದಿನ ಎರಡು ಸಾಲು ಮುಟ್ಟಿದರೆ ಕೈ ಚುರ್ ಎಂದಿತು. ಕಿಟಕಿಯ ಗಾಜಿಗೆ ಅಂಟಿಕೊಂಡ ಹಿಂದಿನ ಸಾಲು ಮಾತ್ರ ತಣ್ಣಗಿತ್ತು.

"ಯಾಕ್ರಿ? ಯಾಕ ಹಿಂಗ ಮಾಡಿದ್ರಿ?"

"ನೀನ ಅಂದೆಲ್ಲ, ಕೌದಿ ಸಾಲವಲ್ದು, ಚಳಿ ಹತ್ತಿ ಎಚ್ಚರಾಗ್ತಾವ ಅಂತ. ಆ ಫ್ರಿಜ್ಜಿನ್ಯಾಗ ಮಂಜಿನಂಥಾ ಗಾಳಿ. ಹಸಗೂಸು ಅದರಾಗ ಇಡ್ತಾರೇನ? ಮಸರಿಗೂ ಮೈಲಿಗಿ ಆಗಬಾರದು, ಅವಕ್ಕೂ ಚಳಿ ಆಗಬಾರದು ಅಂತ ವಿಚಾರ ಮಾಡಿ ಇಲ್ಲಿ ಇಟ್ಟೆ."

ನನ್ನ ಕೌದಿಯ ಪಾಠ ನನ್ನ ತಲೆಯ ಮೇಲೆಯೇ ಬಿದ್ದಿತ್ತು. ಅದನ್ನು ಒಪ್ಪಿಕೊಳ್ಳುವಷ್ಟು ಒಳ್ಳೆಯವಳು ಆ ಹೊತ್ತಿಗೆ ನಾನಾಗಿರಲಿಲ್ಲ. ಬಾಯಿಗೆ ಬಂದದ್ದು ಅಂದೆ. ಎಲ್ಲಾ ಹಾಳು ಮಾಡಿದ್ರಿ ಅಂದೆ, ನಿಮ್ಮನ್ನ ಕರ್ಕೊಂಡ ಬಂದದ್ದ ತಪ್ಪಾತು ಅಂದೆ.

ವೈನಿ ಆ ಸ್ಕಾರ್ಫನ್ನು ಮಡಿಸಿದರು, ಬಿಚ್ಚಿ ಮತ್ತೆ ಮಡಿಸಿದರು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು: "ಹೋಗ್ಯಾವೇನ?"

"ಹೋಗ್ಯಾವೋ, ಅದಾವೋ, ಅಲ್ಲಿ ನೋಡಿದ ಮ್ಯಾಗ ಗೊತ್ತಾಗತೈತಿ," ಎಂದು ತಟ್ಟೆ ಎತ್ತಿಕೊಂಡು ಹೊರಟೆ. ಹಿಂದಿರುಗಿ ನೋಡಲಿಲ್ಲ.

ಆಫ್ರಿಕದ ಕಪ್ಪೆಗಳ ನಡುವೆ

ವಿಲ್ಲೆಮ್ ಎತ್ತರದ ಮನುಷ್ಯ, ಬಾಗಿಲಿಗೆ ತಲೆ ತಗ್ಗಿಸಿ ಬರುತ್ತಾರೆ, ಮಾತಿನಲ್ಲಿ ಮಾತ್ರ ಯಾರಿಗೂ ತಗ್ಗುವುದಿಲ್ಲ. ಕೊಳವೆ ಹೇಗೆ ಬಂದವು ಎಂದು ಕೇಳಿದರು. ಮೊಸರು, ಮೈಲಿಗೆ, ಕುಂಚಿಗಿ, ಕೆಂಡ ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವುದನ್ನು ಕಲ್ಪಿಸಿಕೊಂಡೇ ನನಗೆ ಬೆವರು ಬಂತು. "ದಾರಿಯಲ್ಲಿ ಸ್ವಲ್ಪ ಬಿಸಿಯಾಗಿರಬಹುದು," ಎಂದೆ. ಅವರು ತಲೆಯಾಡಿಸಿ, ಒಳಗಿನ ಸಂದೇಶ ಕೆಟ್ಟಿದೆಯೇ ಎಂದು ನೋಡುವ ಪರೀಕ್ಷೆಗೆ ಕಳಿಸಿದರು.

ಫಲಿತಾಂಶ ಬರುವವರೆಗೆ ನನಗೆ ಆಫ್ರಿಕದ ಕಪ್ಪೆಗಳ ಸಹವಾಸ. ನಾಲಗೆ ಇಲ್ಲದ, ರೆಪ್ಪೆ ಬಡಿಯದ ಪ್ರಾಣಿಗಳು, ನೀರಿನಲ್ಲಿ ಯಾರೋ ದಾರ ಕಟ್ಟಿ ತೂಗುಬಿಟ್ಟಂತೆ ನಿಲ್ಲುತ್ತವೆ. ಸಹಾಯಕಿ ಮರೈಕೆ ಹಿಂದಿನ ದಿನ ಹೆಣ್ಣು ಕಪ್ಪೆಗೆ ಹಾರ್ಮೋನಿನ ಸೂಜಿ ಚುಚ್ಚಿಟ್ಟು, ಮರುದಿನ ಹೊಟ್ಟೆ ಮೆಲ್ಲಗೆ ನೀವಿದರೆ ತತ್ತಿ ಸರಸರ ಬೀಳುತ್ತಿದ್ದವು. ಮಳೆಯಿಲ್ಲ, ಗುಡುಗಿಲ್ಲ, ಒದರಾಟವಿಲ್ಲ. ನಮ್ಮ ಕಪ್ಪೆ ಮೊದಲ ಮಳೆಗೆ ಊರೇ ಎದ್ದು ಕೂರುವಂತೆ ಒದರಿ ಮದುವೆ ಮಾಡಿಕೊಳ್ಳುವುದನ್ನು ಮರೈಕೆಗೆ ಹೇಳಿದೆ. "ತುಂಬ ಅನನುಕೂಲ," ಎಂದಳು. ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಭ್ರೂಣದೊಳಗೆ ದ್ರಾವಣ ಹಾಕುವುದನ್ನು ಅವಳು ನನಗೆ ಕಲಿಸಿದಳು. ನನ್ನ ಕೈಯಲ್ಲಿ ಮೊದಲ ದಿನ ಎಲ್ಲವೂ ಒಡೆದುಹೋದವು. "ಕೆಟ್ಟದಾಗಿದೆ," ಎಂದಳು, ಮಳೆ ಬರುತ್ತಿದೆ ಎನ್ನುವ ದನಿಯಲ್ಲಿ.

ಇಲ್ಲಿಯವರು ಕಾಫಿಯ ಜೊತೆಗೆ ಬಿಸ್ಕತ್ತಿನ ಡಬ್ಬಿ ತೆರೆಯುತ್ತಾರೆ. ಒಂದು ತೆಗೆದುಕೊಂಡ ಕೂಡಲೇ ಮುಚ್ಚಳ ಹಾಕುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ಪಕ್ಕದ ಮನೆಯಾಕೆಗೆ ವೈನಿ ಶೇಂಗಾ ಹೋಳಿಗೆ ಮಾಡಿ ಒಯ್ದರೆ, ಆಕೆ ಬಾಗಿಲಲ್ಲೇ ನಿಂತು ಡೈರಿ ತೆರೆದು, ಎರಡು ವಾರದ ನಂತರದ ಒಂದು ಮಧ್ಯಾಹ್ನ ಬರಲು ಹೇಳಿದಳಂತೆ. ಮೊದಲಾಗಿದ್ದರೆ ವೈನಿ ಇದನ್ನು ನಟಿಸಿ ತೋರಿಸಿ ನಗಿಸುತ್ತಿದ್ದರು. ಈಗ ಹೇಳಿ ಹಿಟ್ಟು ನಾದತೊಡಗಿದರು. ದಿನಾ ಸಂಜೆ ನಾನು ಬಂದ ಕೂಡಲೇ ಒಂದೇ ಪ್ರಶ್ನೆ: "ಹ್ಯಾಂಗದಾವ?" ದಿನಾ ನನ್ನದೊಂದೇ ಉತ್ತರ: "ಇನ್ನೂ ಗೊತ್ತಿಲ್ಲ." ಅವರು ರೊಟ್ಟಿ ಬಡಿಯುವ ಸದ್ದೂ ಸಣ್ಣದಾಗಿತ್ತು. ಅದಕ್ಕೂ ನನಗೆ ಕಿರಿಕಿರಿ.

ಪರೀಕ್ಷೆ ಮುಗಿಯಿತು. ಎರಡು ಸಾಲಿನ ಕೊಳವೆಗಳಲ್ಲಿ ಸಂದೇಶಗಳೆಲ್ಲ ಚೂರುಚೂರು. ಒಂದು ಸಾಲು, ಕೊನೆಯ ಮಳೆಗಾಲದ್ದು, ಅಖಂಡ.

"ದಾರಿಯಲ್ಲಿ ಬಿಸಿಯಾಗಿದ್ದರೆ ಮೂರೂ ಸಾಲು ಕೆಡಬೇಕಿತ್ತು," ಎಂದರು ವಿಲ್ಲೆಮ್. "ಅಂದರೆ ಕೆಟ್ಟದ್ದು ನಿಮ್ಮ ಊರಿನಲ್ಲಿ, ಸಂಗ್ರಹಿಸುವಾಗ. ಎರಡು ವರ್ಷ ಕಸ ಸಂಗ್ರಹಿಸಿದವರ ಮೂರನೆಯ ವರ್ಷವನ್ನು ನಾನು ಏಕೆ ನಂಬಲಿ? ಕ್ಷಮಿಸಿ. ಯಂತ್ರಕ್ಕೆ ಇದನ್ನು ಹಾಕುವುದಿಲ್ಲ."

ಕಸ ಎಂದೇ ಅಂದರು. ರಾಡಿಯಲ್ಲಿ ನಿಂತ ಮೂರು ಮಳೆಗಾಲ, ಕಣ್ಣು ಕೀಲಿಸಿ ಕಾದ ಒಂದೊಂದು ಒಡೆತ, ಎಲ್ಲ ಕಸ. ಆಗಲೂ ನಾನು ಬಾಯಿ ಬಿಡಲಿಲ್ಲ. ಮೊದಲ ದಿನ ಒಂದು ಹೇಳಿ ಈಗ ಇನ್ನೊಂದು ಹೇಳಿದರೆ ನಂಬುವರೇ? ನಂಬಿದರೂ, ಮನೆಯಲ್ಲಿ ಒಂದು ಪೆಟ್ಟಿಗೆ ಕಾಯಲಾರದವಳು ಹೊಲದಲ್ಲಿ ಏನು ಕಾದಾಳು ಎನ್ನುವುದಿಲ್ಲವೇ? ಅತ್ತ ದರಿ, ಇತ್ತ ಪುಲಿ. ಸಂಜೆ ಅಣ್ಣನಿಗೆ ಫೋನು ಮಾಡಿ ಅತ್ತೆ. "ನಾ ಮಾಡಿದ ಕೆಲಸನ ಸುಳ್ಳು ಅಂತಾರಣ್ಣಾ. ಮೂರನೇ ಸಾಲು ಚಲೋ ಐತಿ, ಆದ್ರ ಅದನ್ನೂ ಒಗೀತಾರ." ವೈನಿ ಅಡಿಗೆಮನೆಯಲ್ಲಿದ್ದರು.

ಅಪಾಯಿಂಟ್‌ಮೆಂಟ್ ಇಲ್ಲದವರು

ಮರುದಿನ ಬೆಳಿಗ್ಗೆ ನೋಡಿದರೆ ವೈನಿ ಗಜೇಂದ್ರಗಡದ ಮಗ್ಗದ ಪಟ್ಟೇದಂಚಿನ ಸೀರೆ ಉಟ್ಟು, ಮೇಲೆ ನನ್ನ ಕೋಟು ಹಾಕಿ, ಬಾಗಿಲಲ್ಲಿ ನಿಂತಿದ್ದಾರೆ.

"ನಡಿ, ನಿಮ್ಮ ಸಾಹೇಬರ ಹಂತ್ಯಾಕ ಕರ್ಕೊಂಡ ಹೋಗು."

"ವೈನಿ, ಅಲ್ಲಿ ಹಂಗ ಬಿಡಂಗಿಲ್ಲ."

"ಬಿಡಂಗಿಲ್ಲಂದ್ರ ಹೊರಗ ಕುಂದರತೀನಿ. ನಡಿ."

ಮರೈಕೆ ಅಪಾಯಿಂಟ್‌ಮೆಂಟ್ ಇದೆಯೇ ಎಂದು ಕೇಳಿದಳು. ವೈನಿ ಅವಳ ಗಲ್ಲ ಮುಟ್ಟಿ ನೆಟಿಗೆ ಮುರಿದು ಒಳಗೆ ನಡೆದೇಬಿಟ್ಟರು. ವಿಲ್ಲೆಮ್ ಕಾಫಿ ಹಿಡಿದು ಕೂತಿದ್ದರು. ವೈನಿ ಕೈ ಮುಗಿದು ಮಾತು ಶುರು ಮಾಡಿದರು, ಹೇಗೆ ಶುರು ಮಾಡಿದರೆಂದರೆ ಉಸಿರು ತೆಗೆಯಲೂ ನಿಲ್ಲಲಿಲ್ಲ. ಮುಗಿದ ಮೇಲೆ ನನ್ನ ಕಡೆ ನೋಡಿದರು.

"ಪೆಟ್ಟಿಗೆ ನಮ್ಮ ಮನೆಯಲ್ಲಿ ಸ್ವಲ್ಪ ಬಿಸಿಯಾಯಿತು ಎನ್ನುತ್ತಾರೆ," ಎಂದೆ ನಾನು ಇಂಗ್ಲಿಷಿನಲ್ಲಿ.

"ಅಷ್ಟ?" ವೈನಿಗೆ ಸಿಟ್ಟು ಬಂತು. "ನಾ ಒಂದ ತಾಸು ಮಾತಾಡಿದ್ರ ನೀ ಒಂದ ಮಾತಿನ್ಯಾಗ ಮುಗಿಸಿದಿ. ಪೂರಾ ಹೇಳು. ಮಸರಿಂದು ಹೇಳು. ತಪ್ಪ ನಂದು ಅಂತ ಹೇಳು. ಮುಚ್ಚಳದ್ದೂ ಹೇಳು."

"ಯಾವ ಮುಚ್ಚಳ?"

"ಅವಕ್ಕ ಉಸರಾಡಾಕ ಬೇಕಲ್ಲ? ಮುಂದಿನ ಎರಡ ಸಾಲಿನ ಮುಚ್ಚಳ ತಗದು ಇಟ್ಟಿದ್ನಿ. ಹಿಂದಿನ ಸಾಲಿಗೆ ಕೈ ಹಚ್ಚಬೇಕಂದೆ, ಅಷ್ಟರಾಗ ನೀ ಕೆಮ್ಮಿ ಕರದಿ. ಕಷಾಯ ಕಾಸಾಕ ಹ್ವಾದೆ, ಅದು ಮರತಹೋತು. ಮುಂಜಾನೆ ಮುಂದಿನವನ್ನ ಮತ್ತ ಮುಚ್ಚಿದೆ."

ಬಾಯಿ ತೆರೆದ ಕೊಳವೆಯಲ್ಲಿ ಬಿಸಿಯೂ ಧೂಳೂ ಸೇರಿದರೆ ಸಂದೇಶ ಉಳಿಯುವುದಿಲ್ಲ, ಆ ಎರಡು ಸಾಲು ಕೆಟ್ಟದ್ದು ಹಾಗೆ. ಆಮೇಲೆ ಎಲ್ಲವನ್ನೂ ಹೇಳಿದೆ, ಮೊಸರಿನಿಂದ ಹಿಡಿದು ಕಷಾಯದವರೆಗೆ, ವಿಮಾನದ ಕೌದಿಯನ್ನೂ ಸೇರಿಸಿ. ಬಾಣಂತನ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮಾತು ಸಿಗದೆ, ಹೊರಸು, ಕೆಂಡ, ಹೊಗೆ ಎಲ್ಲವನ್ನೂ ಕೈ ಆಡಿಸಿ ತೋರಿಸಿದೆ. ಹೇಳುತ್ತ ಕಿವಿಯವರೆಗೂ ಮುಖ ಕೆಂಪಾಯಿತು.

ವಿಲ್ಲೆಮ್ ನಗಲಿಲ್ಲ. ಎದ್ದು ಬೋರ್ಡಿನ ಮೇಲೆ ಕಿಟಕಿ ಬರೆದು, ಹೀಟರು ಬರೆದು, ವೈನಿಯ ಕೈಗೇ ಪೆನ್ನು ಕೊಟ್ಟರು. ವೈನಿ ಹೂಕುಂಡದ ಜಾಗ ಗುರುತಿಸಿ, ಮುಚ್ಚಳ ತೆಗೆದ ಸಾಲುಗಳ ಮೇಲೆ ಗೀಟು ಎಳೆದರು. ವಿಲ್ಲೆಮ್ ಆ ಗೀಟಿಗೂ ಪರೀಕ್ಷೆಯ ಫಲಿತಾಂಶಕ್ಕೂ ತಾಳೆ ನೋಡಿದರು. ಒಂದೂ ಹೆಚ್ಚುಕಡಿಮೆ ಇರಲಿಲ್ಲ.

"ಹಾಗಾದರೆ ಕೊಳವೆಗಳು ನಿಮ್ಮ ಊರಿನಿಂದ ಚೆನ್ನಾಗಿಯೇ ಬಂದಿದ್ದವು," ಎಂದರು ನನ್ನ ಕಡೆ ತಿರುಗಿ. "ಕೆಟ್ಟದ್ದು ಇಲ್ಲಿ, ಕಾರಣ ಗೊತ್ತು, ಮೂರನೆಯ ಸಾಲಿಗೆ ಆ ಕಾರಣ ತಗಲಿಲ್ಲ. ಇದನ್ನು ಮೊದಲ ದಿನವೇ ಏಕೆ ಹೇಳಲಿಲ್ಲ?"

ಹಾಗೆ ಕೇಳಿ ಅವರು ವೈನಿಯ ಕೈ ಕುಲುಕಿ, ಡಬ್ಬಿ ತೆರೆದು ಬಿಸ್ಕತ್ತು ಕೊಟ್ಟರು. ಮುಚ್ಚಳ ಹಾಕಲಿಲ್ಲ. ಮೂರನೆಯ ಸಾಲು ಅಂದೇ ಯಂತ್ರಕ್ಕೆ ಹೋಯಿತು.

ಕಾಲುವೆಯ ದಂಡೆ

ನಾವು ಹೊರಡುವ ವಾರದಲ್ಲಿ ಉತ್ತರ ಬಂತು. ಒಂಬತ್ತನೆಯ ಒಡೆತದ ಕೊಳವೆಯಲ್ಲಿ ಇದ್ದದ್ದು ತಾಯಿಯ ಸಂದೇಶಗಳು ಮಾತ್ರ. ಹತ್ತನೆಯದರಲ್ಲಿ ಕೂಸಿನವೇ ಹೊಸ ಸಂದೇಶಗಳು, ಬೇಕಾದಷ್ಟು. ಆಫ್ರಿಕದ ಕಪ್ಪೆ ಇನ್ನೂ ಹೊದ್ದು ಮಲಗಿರುವ ಹೊತ್ತಿಗೆ ನಮ್ಮ ಎರೆಹೊಲದ ಕಪ್ಪೆ ಎದ್ದು ಕೂತಿತ್ತು. ಒಂದೇ ಮಳೆಗಾಲದ ಸಾಕ್ಷಿ ಸಾಲದು, ಮತ್ತೆ ಸಂಗ್ರಹಿಸಬೇಕು, ಎಂದರು ವಿಲ್ಲೆಮ್. ಆಮೇಲೆ, "ಆದರೆ ನೀವು ಕೇಳಿದ ಪ್ರಶ್ನೆ ಸರಿಯಾಗಿತ್ತು," ಎಂದರು. ಆ ಮನುಷ್ಯನ ಬಾಯಲ್ಲಿ ಅದು ಹಾರ ತುರಾಯಿಗೆ ಸಮ.

ಸಂತೋಷಕ್ಕೆ ಮನೆಯಲ್ಲಿ ಕೂರಲಾಗಲಿಲ್ಲ. ವೈನಿಯನ್ನು ಕರೆದುಕೊಂಡು ಕಾಲುವೆಯ ದಂಡೆಗೆ ನಡೆದೆ. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಸೈಕಲ್ಲಿನವರು ನಮಗೆ ಗಂಟೆ ಬಾರಿಸುತ್ತಲೇ ಇದ್ದರು, ನಾವು ಅವರ ದಾರಿಯಲ್ಲಿ ನಡೆಯುತ್ತಲೇ ಇದ್ದೆವು. ನಾನು ಹತ್ತನೆಯ ಒಡೆತದ ಸುದ್ದಿಯನ್ನು ಮತ್ತೆ ಮತ್ತೆ ಹೇಳಿದೆ. ವೈನಿ ಎಲ್ಲ ಕೇಳಿ, ನೀರಿನ ಕಡೆ ನೋಡುತ್ತ ನಿಂತರು.

"ಚಲೋ ಆತವಾ. ಮುಂದಿನ ಎರಡ ಸಾಲಿನವು ನನ್ನ ಕೈಯಾಗ ಹೋದ್ವು, ಅವಕ್ಕ ಏನ ಮಾಡಾಕ ಬರಂಗಿಲ್ಲ. ಹಿಂದಿನ ಸಾಲಿನವು ಈಗ ಎಷ್ಟ ದೊಡ್ಡುವಾಗ್ಯಾವ? ಊರಿಗೆ ಒಯ್ಯಾಕ ಕೊಡ್ತಾರೇನ? ನಮ್ಮ ನೀರಿನ್ಯಾಗ ಬಿಟ್ಟಬರಬೇಕಂತ ಮಾಡೀನಿ."



"ವೈನಿ, ಅವು... ಅವು ಜೀವಂತ ಇರಲಿಲ್ರಿ."

"ಯಾವಾಗಿಂದ?"

"ಮೊದಲಿಂದನ. ಊರಾಗ, ಕೊಳವಿಗೆ ಹಾಕಿದಾಗನ. ಉಪ್ಪಿನ ನೀರು ಅದು. ಹಾಕಿದ ಕೂಡಲೇ ಸಾಯ್ತಾವ. ಸಾಯಿಸಾಕ ಹಾಕೂದು."

"ಅಂದ್ರ ಫ್ರಿಜ್ಜಿನ್ಯಾಗ ಇಟ್ಟಾಗ?"

"ಸತ್ತಿದ್ವು."

"ನಾ ಮುಚ್ಚಳ ತಗದಾಗ?"

"ಸತ್ತಿದ್ವು ವೈನಿ. ಎಲ್ಲಾ ನಾನ ಕೊಂದದ್ದು."

ವೈನಿ ದಂಡೆಯ ಬೆಂಚಿನ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಓಣಿಯ ಒಂದು ಕೂಸಿಗೂ ಇವರ ಕೈಯಲ್ಲಿ ಏನೂ ಆಗಿರಲಿಲ್ಲ. ಇಷ್ಟು ದಿನ ನಾನು ದಿನಾ ಸಂಜೆ 'ಇನ್ನೂ ಗೊತ್ತಿಲ್ಲ' ಎಂದದ್ದು ಅವರ ಕಿವಿಗೆ ಏನಾಗಿ ಬಿದ್ದಿತ್ತು ಎಂಬುದು ಆಗ ನನಗೆ ಹೊಳೆಯಿತು.

"ಹಂಗಾರ ನಾ ಕೊಂದಿಲ್ಲಲಾ?"

"ಇಲ್ರಿ."

ಅವರು ಎದ್ದು ನಿಂತರು. ಒಂದು ತಿಂಗಳು ನಾನು ಅವರ ಮೇಲೆ ಹೊತ್ತು ತಿರುಗಿದ ಸಿಟ್ಟನ್ನೆಲ್ಲ ಸೇರಿಸಿದರೂ ಆ ಹೊತ್ತಿನ ಅವರ ಸಿಟ್ಟಿಗೆ ಸಮವಾಗುತ್ತಿರಲಿಲ್ಲ.

"ಊರ ಮಂದಿಗೆಲ್ಲ ಪಾಠಾ ಹೇಳ್ತಿ. ಮನ್ಯಾಗಿನಾಕಿಗೆ ಇದೊಂದ ಮಾತು ಹೇಳಾಕ ಆಗಲಿಲ್ಲೇನ ನಿನಗ?"

ಹಾಗೆಂದು ವೈನಿ ಸೈಕಲ್ಲಿನ ದಾರಿಯ ನಟ್ಟನಡುವೆ, ಯಾರ ಗಂಟೆಗೂ ಸರಿಯದೆ, ನನ್ನನ್ನು ಹಿಂದೆ ಬಿಟ್ಟು ಮನೆಯ ಕಡೆ ನಡೆದುಬಿಟ್ಟರು.